ಚಿಜುರು ಸೆನ್ಸೇಯ ದೇವರಗೂಡು

ವಾಕುಯಿ ಚಿಜುರು ಅಜ್ಜಿಗೆ ಎಪ್ಪತ್ತೈದು ತುಂಬಿದೆ. ಆಳು ಗಿಡ್ಡ, ಗಂಟಲು ದೊಡ್ಡದು, ಎಡಗಿವಿ ಚಾಪೆಗೆ ಉಜ್ಜಿ ಉಜ್ಜಿ ಮುದುಡಿಹೋಗಿದೆ. ತೊಯಾಮಾ ಕೊಲ್ಲಿಯ ನಮ್ಮ ಬಂದರಿನಲ್ಲಿ ನಲವತ್ತಾರು ವರ್ಷಗಳಿಂದ ಜೂಡೋ ಕಲಿಸುತ್ತಿದ್ದಾರೆ. ಊರಿನ ಅರ್ಧ ಗಂಡಸರನ್ನು ಎತ್ತಿ ಒಗೆದಿದ್ದಾರೆ. ಉಳಿದವರು ಹೇಗೋ ತಪ್ಪಿಸಿಕೊಂಡರು, ನಾನೂ ಅವರಲ್ಲೊಬ್ಬ.

ಬೇರೆ ಜೂಡೋ ಶಾಲೆಗಳಲ್ಲಿ ಅಭ್ಯಾಸಕ್ಕೆ ಮೊದಲು ಎರಡು ಸಲ ಬಾಗುತ್ತಾರೆ: ಎದುರು ಗೋಡೆಗೆ ಒಮ್ಮೆ, ಗುರುವಿಗೆ ಒಮ್ಮೆ. ಇಲ್ಲಿ ಮಾತ್ರ ಒಂದೇ ಸಲ. ಗೋಡೆಯ ಮೇಲೆ ದೇವರಗೂಡು, ಅದರ ಕೆಳಗೇ ಸೆನ್ಸೇ, ಅಂದರೆ ಗುರು ಚಿಜುರು. ಎಲ್ಲರೂ ಮಂಡಿಯೂರಿ, ಗೂಡಿನತ್ತ ಹಣೆ ಬಗ್ಗಿಸಿದರೆ ಮುಗಿಯಿತು. ಆಜ್ಞೆ ಕೂಗುವವನು ಹಿರಿಯ ಶಿಷ್ಯ ಕುರೊಸಾಕಿ, ಕಾಮಾಬೋಕೊ ಎಂಬ ಮೀನಿನ ಕಡುಬಿನ ಅಂಗಡಿಯವನು, ಶಾಲೆಯ ಸಂಘಕ್ಕೂ ಅವನೇ ಅಧ್ಯಕ್ಷ. "ನೂರು ವರ್ಷದ ಸಂಪ್ರದಾಯ ಕಣ್ರೀ, ಜಪಾನಿನ ಜೀವಾಳ" ಎಂದು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ.

ಆ ಜೀವಾಳಕ್ಕೆ ಅಡ್ಡ ಬಂದವಳು ಹದಿನಾಲ್ಕರ ರುಮೈಸಾ, ಹಳೇ ಕಾರುಗಳ ವ್ಯಾಪಾರಿ ಸಜ್ಜಾದ್ ಭಟ್ಟಿಯ ಮಗಳು. ಹುಟ್ಟಿದ್ದು ಇಲ್ಲೇ, ನಾಲಿಗೆ ನಮ್ಮ ಮೀನುಗಾರರಷ್ಟೇ ಒರಟು. ಸೆನ್ಸೇ ಹೊಲಿದುಕೊಟ್ಟ, ಪಿನ್ನಿಲ್ಲದ ತಲೆವಸ್ತ್ರ ಬಿಗಿದುಕೊಂಡು ತನಗಿಂತ ದಪ್ಪಗಿರುವವರನ್ನು ಬೆನ್ನ ಮೇಲಿಂದ ಉರುಳಿಸುತ್ತಾಳೆ. ಜೂನ್ ತಿಂಗಳ ಪ್ರಾಂತ್ಯದ ಪಂದ್ಯಕ್ಕೆ ಶಾಲೆಯ ಭರವಸೆಯೆಂದರೆ ಅವಳೊಬ್ಬಳೇ. ಆದರೆ ಗೂಡಿಗೆ ಎಲ್ಲರೂ ಬಾಗುವಾಗ ನೆಟ್ಟಗೆ ನಿಂತಿರುತ್ತಾಳೆ. "ಹಣೆ ನೆಲಕ್ಕೆ ಮುಟ್ಟಿಸೋದು ಅಲ್ಲಾಹನಿಗೆ ಮಾತ್ರ, ಸೆನ್ಸೇ" ಎಂದು ಮೊದಲ ದಿನವೇ ಹೇಳಿದ್ದಳು. ಅಭ್ಯಾಸ ಮುಗಿದ ಮೇಲೆ ಒಬ್ಬಳೇ ಬಂದು, ನಿಂತಲ್ಲೇ ಸೊಂಟ ಬಾಗಿಸಿ ಅವರಿಗೆ ವಂದಿಸುತ್ತಾಳೆ. ಸೆನ್ಸೇಗೆ ಎಲ್ಲಿಲ್ಲದ ಮುಜುಗರ. "ಸಾಕು ಸಾಕು, ಹೋಗಿ ನೀರು ಕುಡಿ" ಎಂದು ಅಟ್ಟಿಬಿಡುತ್ತಾರೆ.

ಅವಳು ಹಾಗೆ ನೆಟ್ಟಗೆ ನಿಂತದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಊರೂರಿಗೆ ಹಂಚಿದರು. ಶುರುವಾಯಿತು ನೋಡಿ! ಬಾಗದವರಿಗೆ ಜಪಾನಿನಲ್ಲೇನು ಕೆಲಸ ಎಂದು ಕೆಲವರು, ಜೂಡೋ ಈಗ ಲೋಕದ ಆಟ, ಅದರಲ್ಲಿ ದೇವರೇಕೆ ಎಂದು ಕೆಲವರು. ಟೀವಿಯಲ್ಲಿ ಒಂದು ದಿನವೂ ಚಾಪೆ ಮುಟ್ಟದ ಪಂಡಿತರು ಕುಸ್ತಿಗಿಳಿದರು. ಭಟ್ಟಿಯ ಮನೆಯಲ್ಲೂ ಜಗಳ. ಹೆಣ್ಣುಮಗಳಿಗೆ ಜೂಡೋ ಏಕೆಂದು ಅವನ ಅಣ್ಣ, ಗುರುವಿಗೆ ವಂದಿಸುವುದು ಬರೀ ಮರ್ಯಾದೆ, ಅದರಲ್ಲಿ ತಪ್ಪಿಲ್ಲ ಎಂದು ಮಸೀದಿಯ ಇಮಾಮರು. ಕೊನೆಗೆ ಕುರೊಸಾಕಿ ಭಾನುವಾರ ಬೆಳಿಗ್ಗೆ ಸಭೆ ಕರೆದ. ಒಂದೋ ಹುಡುಗಿ ಬಾಗಬೇಕು, ಇಲ್ಲವೇ ಶಾಲೆಯ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಬೇಕು.

ಆ ವಾರವಿಡೀ ಸೆನ್ಸೇಗೆ ಊಟ ಸೇರಲಿಲ್ಲ. ಗೂಡು ಅಲ್ಲಿಗೆ ಏಕೆ ಬಂತೆಂಬ ನಿಜ ಗೊತ್ತಿದ್ದದ್ದು ಅವರೊಬ್ಬರಿಗೇ. ಬಾಯಿ ಬಿಟ್ಟರೆ ತಮ್ಮ ಮಾನ ಹೋಗುತ್ತದೆ, ಮುಚ್ಚಿಕೊಂಡರೆ ಹುಡುಗಿ ಹೋಗುತ್ತಾಳೆ.

ಸಭೆಯಲ್ಲಿ ಕುರೊಸಾಕಿ "ನೂರು ವರ್ಷದ ಸಂಪ್ರದಾಯ" ಎಂದು ಶುರುಮಾಡಿದ್ದೇ ತಡ, ಸೆನ್ಸೇ ಎದ್ದರು.

"ನಲವತ್ತಾರು."

"ಏನು ಸೆನ್ಸೇ?"

"ನಲವತ್ತಾರು ವರ್ಷ ಕಣಪ್ಪ, ನೀನೂ ಮರೆತ್ಯಾ? ಆ ಗೂಡು ನೇತುಹಾಕಿದ್ದು ನಾನು. ಅದಕ್ಕೂ ಮುಂಚೆ ಅಲ್ಲಿ ಗಡಿಯಾರ ಇತ್ತು. ದಿನಾ ಹತ್ತು ನಿಮಿಷ ಹಿಂದೆ ಓಡ್ತಿತ್ತು."

ಭಟ್ಟಿ ಕಿಸಕ್ಕನೆ ನಕ್ಕ. ರುಮೈಸಾ ಅಪ್ಪನ ಪಕ್ಕೆಗೆ ತಿವಿದಳು.

"ನಮ್ಮೆಜಮಾನ್ರು ತೀರ್ಕೊಂಡಾಗ ನಂಗೆ ಇಪ್ಪತ್ತೊಂಬತ್ತು. ಗುರುವಾಗಿ ಅವರ ಜಾಗದಲ್ಲಿ ಕೂತೆ. ಎದುರುಗೋಡೆಗೆ ಎಲ್ಲರೂ ಬಾಗಿದ್ರು. ಗುರುವಿಗೆ ಅಂದಾಗ ಒಂದು ತಲೆಯೂ ಬಗ್ಗಲಿಲ್ಲ. 'ಹೆಂಗಸಿಗೆ ತಲೆ ಬಗ್ಗಿಸೋದಾ? ಅದು ಜಪಾನಿನ ಪದ್ಧತಿ ಅಲ್ಲ' ಅಂದ ಒಬ್ಬ. ಹದಿನೇಳು ವರ್ಷದ ಪೋರ."

ಕುರೊಸಾಕಿಯ ಕಿವಿ ಕೆಂಪಾಯಿತು.

"ಮಾರನೇ ದಿನವೇ ಗಡಿಯಾರ ಕಿತ್ತು ಗೂಡು ನೇತುಹಾಕಿದೆ, ಕೆಳಗೆ ನಾನು ಕೂತೆ. ಒಂದೇ ಸಲ ಬಾಗಿದ್ರೆ ಸಾಕು ಅಂತ ನಿಯಮ ಮಾಡಿದೆ. ನೀವು ದೇವರಿಗೆ ಬಾಗಿದ್ರಿ, ನಾನು ಅದನ್ನ ನಂಗೇ ಅಂತ ಅಂದ್ಕೊಂಡೆ. ದೇವರ ಪಾಲು ಕದ್ದೆ ಅನ್ನಿ ಬೇಕಾದ್ರೆ. ಇಷ್ಟು ವರ್ಷದಲ್ಲಿ ನಾನೇ ಗುರು ಅಂತ ನನ್ನೆದುರು ಬಂದು ಬಾಗಿದವಳು ಈ ಹುಡುಗಿ ಒಬ್ಬಳೇ. ಅವಳ ಹೆಸರು ಹೊಡೀತೀರಾ? ಹೊಡೀರಿ, ಜೊತೆಗೆ ನಂದೂ ಹೊಡೀರಿ."

ಮತಕ್ಕೆ ಹಾಕುವುದನ್ನು ಕುರೊಸಾಕಿ ಮರೆತನೋ, ಮರೆತಂತೆ ನಟಿಸಿದನೋ, ನನಗಂತೂ ತಿಳಿಯದು. ಬಂದವರು ಚಹಾ ಕುಡಿದು ಮನೆಗೆ ಹೋದರು.

ಸೋಮವಾರ ಎಂದಿನಂತೆ ಅಭ್ಯಾಸ. ಕುರೊಸಾಕಿ "ಎದುರಿಗೆ!" ಎಂದು ಕೂಗಿದ. ಬಾಗುವವರು ಬಾಗಿದರು, ರುಮೈಸಾ ನಿಂತಿದ್ದಳು. ಸೆನ್ಸೇ ಏಳಹೊರಟಾಗ ಕುರೊಸಾಕಿಯ ಗಂಟಲು ಮತ್ತೆ ಕೇಳಿತು.

"ಗುರುವಿಗೆ!"

ಅರವತ್ಮೂರರ ಅವನ ಹಣೆ ಎಲ್ಲರಿಗಿಂತ ಮೊದಲು ಚಾಪೆ ಮುಟ್ಟಿತು. ಹಿಂದೆಯೇ ಮೂವತ್ತು ತಲೆಗಳು. ಕೊನೆಯ ಸಾಲಿನಲ್ಲಿ ರುಮೈಸಾ ಸೊಂಟ ಬಾಗಿಸಿದಳು. ಸೆನ್ಸೇ ತಿರುಗಿ ವಂದಿಸಬೇಕಿತ್ತು, ಅದು ಪದ್ಧತಿ. ಅವರು ಕೈ ಎಲ್ಲಿಡಬೇಕೆಂದೇ ತಿಳಿಯದೆ ಒದ್ದಾಡಿದರು.

"ಸಾಕು ಸಾಕು" ಎಂದರು, ಅಭ್ಯಾಸ ಇನ್ನೂ ಶುರುವೇ ಆಗಿರಲಿಲ್ಲ, "ಹೋಗಿ ನೀರು ಕುಡೀರಿ."