ಸೋಪಿನ ಕೊಸರು

ಒಂದಕ್ಕೆ ಮುನ್ನೂರ ಇಪ್ಪತ್ತು ರೂಪಾಯಿ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ಮಕ್ಕಳ ಬಟ್ಟೆ ಅಂಗಡಿಯವನು ಹೇಳಿದ ಬೆಲೆ ಅದು. ನಾನು ಎರಡು ಸಲ ಮೆಟ್ಟಿಲಿಳಿದು, ಎರಡು ಸಲ ಕರೆಸಿಕೊಂಡು, ಇನ್ನೂರ ಇಪ್ಪತ್ತಕ್ಕೆ ಇಳಿಸಿ, ಹನ್ನೆರಡು ಕಟ್ಟಿಸಿಕೊಂಡು, ಮೇಲೊಂದು ಕುಲಾವಿಯನ್ನು ಪುಕ್ಕಟೆ ಹಾಕಿಸಿಕೊಂಡು ಬಂದೆ. ಬಟ್ಟೆ ಡೈಪರ್. ಅದರಲ್ಲಿ ಉಳಿದಿರುವ ಒಂದೇ ಒಂದು ಒಳಪದರದಿಂದ ಈ ಬೆಳಿಗ್ಗೆ ನನ್ನ ಪ್ಲಾಸ್ಟಿಕ್ ಅಂಗಡಿಯ ಬಕೆಟ್ಟು ಬಿಂದಿಗೆಗಳನ್ನು ಒರೆಸುತ್ತಿದ್ದೆ. ಚಾಮರಾಜನಗರದಲ್ಲಿ ಇಷ್ಟು ದುಬಾರಿ ಒರೆಸುಬಟ್ಟೆ ಇನ್ನೊಬ್ಬರ ಬಳಿ ಇರಲಾರದು. ನೀರಿನ ಹನಿ ತಾಕಿಸಿದರೆ ಸಾಕು, ಬಾಯಾರಿದ ಎತ್ತಿನಂತೆ ಕುಡಿಯುತ್ತದೆ. ಅದು ಹಾಗೆ ಕುಡಿಯುವುದನ್ನು ಕಂಡಾಗಲೆಲ್ಲ, ಅದೇ ಬಟ್ಟೆ ಕುಡಿಯಲಾರೆ ಎಂದು ಹಟ ಹಿಡಿದಿದ್ದ ಆ ದಿನಗಳು ನೆನಪಾಗುತ್ತವೆ.

ಬಟ್ಟೆಯದೇ ಯಾಕೆ ಅನ್ನುತ್ತೀರಾ? ನನ್ನ ಮಗಳನ್ನು ಕೊಟ್ಟಿರುವುದು ಗುಂಡ್ಲುಪೇಟೆ ಆಚೆಯ ಹಂಗಳ ಎಂಬ ಹಳ್ಳಿಗೆ. ಬಳಸಿ ಬಿಸಾಡುವ ಡೈಪರನ್ನು ಅಲ್ಲಿ ಬಿಸಾಡುವುದಾದರೂ ಎಲ್ಲಿ? ತಿಪ್ಪೆಗೆ ಹಾಕಿದರೆ ನಾಯಿ ಎಳೆದು ತಂದು ಇನ್ನೊಬ್ಬರ ಅಂಗಳದಲ್ಲಿ ಹರಡುತ್ತದೆ. ಹೆರಿಗೆಗೆ ಬಂದವಳು ಮೊದಲೇ ಹೇಳಿಬಿಟ್ಟಳು, "ಅಪ್ಪಾ, ಊರೋರ ಬಾಯಿಗೆ ಬೀಳಕ್ಕೆ ನನ್ ಕೈಲಾಗಲ್ಲ. ಒಗೆಯೋವನ್ನೇ ತಂದ್ಕೊಡು." ಅವಳ ಅತ್ತೆ ಫೋನಿನಲ್ಲಿ ನಕ್ಕಿದ್ದರಂತೆ: "ಅಳೇ ಪಂಚೆ ಅರ್ದು ಕಟ್ಟುದ್ರಾಯ್ತು ಕಣಮ್ಮಿ. ಲಂಗೋಟಿಗೆ ಗುಂಡಿ ಬೇರೆ ಬೇಕಾ?" ಆ ನಗು ಮಗಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತ್ತು. ಐದನೆಯ ತಿಂಗಳಲ್ಲಿ ಕೂಸನ್ನು ಕರೆದುಕೊಂಡು ಹೋಗುವಾಗ ತಾನು ಹೇಳಿದ್ದೇ ಸರಿ ಎಂದು ತೋರಿಸಬೇಕು ಎಂಬುದು ಅವಳ ಹಟ.

ನನ್ನ ಹೆಂಡತಿಗೆ ಭುಜದ ನೋವು, ಕೈ ಮೇಲೆತ್ತಲಾಗದು. ಹಾಗಾಗಿ ಒಗೆಯುವ ಕಲ್ಲು ನನ್ನ ಪಾಲಿಗೆ ಬಂತು. ಹಿತ್ತಲ ಗೋಡೆಯಾಚೆಯ ಪಕ್ಕದ ಮನೆಯವನು, "ಏನ್ ಯಜಮಾನ್ರೇ, ಅಂಗ್ಡಿ ಬಾಗ್ಲಾಕ್ಬುಟ್ಟು ಕಲ್ಲತ್ರ ಕುಂತ್ಬುಟ್ರಾ?" ಎಂದು ಅಣಕಿಸಿದ. "ಇದ್ರಲ್ಲೂ ಲಾಭ ಐತೆ, ನಿಂಗೊತ್ತಾಗಲ್ಲ ಓಗು" ಎಂದೆ.

ಇಲ್ಲಿ ನನ್ನ ಒಂದು ಗುಣ ಹೇಳಬೇಕು. ಹರದನಹಳ್ಳಿಯಲ್ಲಿ ಚಿಕ್ಕವನಾಗಿದ್ದಾಗ, ಅಂಗಡಿಯಿಂದ ಕಡಲೆಯನ್ನೋ ಹುರುಳಿಯನ್ನೋ ಅಳತೆಯಷ್ಟೇ ತಂದರೆ ಅವ್ವ ಹೊಸಿಲಿನಿಂದಲೇ ವಾಪಸು ಓಡಿಸುತ್ತಿದ್ದಳು. "ಕೊಸ್ರು ಎಲ್ಲಿ?" ಅಳೆದು ಮುಗಿದ ಮೇಲೆ ಕೈಯಲ್ಲಿ ಎತ್ತಿ ಹಾಕುವ ಆ ಒಂದು ಹಿಡಿಯೇ ನಮ್ಮ ನಿಜವಾದ ಸಂಪಾದನೆ ಎಂದು ನಂಬಿ ಬೆಳೆದವನು ನಾನು. ಸೈಕಲ್ಲಿನ ಮೇಲೆ ಪ್ಲಾಸ್ಟಿಕ್ ಕೊಡ ಮಾರಿ, ಆಮೇಲೆ ಅಂಗಡಿ ಹಿಡಿದದ್ದೂ ಕೊಸರಿನಿಂದಲೇ. ಕೊಡ ಕೊಂಡವರಿಗೆ ಒಂದು ಜಗ್ಗು, ಜಗ್ಗು ಕೊಂಡವರಿಗೆ ಒಂದು ಮುಚ್ಚಳ. ಕೊಸರಿಲ್ಲದ ವ್ಯಾಪಾರ ಉಪ್ಪಿಲ್ಲದ ಸಾರು.

ಸೋಪಿನ ಪುಡಿಯ ಪೊಟ್ಟಣದ ಮೇಲೆ ಇಷ್ಟು ಬಟ್ಟೆಗೆ ಇಷ್ಟು ಎಂದು ಬರೆದಿತ್ತು. ಅಷ್ಟು ಹಾಕಿದೆ. ಆಮೇಲೆ ಕೈ ಸುಮ್ಮನಿರದೆ ಇನ್ನೊಂದು ಹಿಡಿ. ನಮ್ಮದು ಬೋರ್ ನೀರು. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವ ಗಡಸು ನೀರು. ನೊರೆ ಏಳುತ್ತಲೇ ಇರಲಿಲ್ಲ. ನೊರೆ ಇಲ್ಲವೆಂದರೆ ಕೊಳೆ ಹೋಗಿಲ್ಲವೆಂದು ತಿಳಿದು ಇನ್ನಷ್ಟು ಸುರಿದೆ. ಮೇಲೆ, ಬಟ್ಟೆ ಮೆತ್ತಗಾಗಿ ಘಮ್ಮೆನ್ನಲಿ ಎಂದು ಪರಿಮಳದ ನೀಲಿ ದ್ರವ. ಅದನ್ನೂ ಒಂದಕ್ಕೆ ಒಂದು ಪುಕ್ಕಟೆ ಸಿಕ್ಕಾಗ ತಂದಿಟ್ಟಿದ್ದೆ.

ಮೊದಲ ಹದಿನೈದು ದಿನ ಸರಿಯಿತ್ತು. ಆಮೇಲೊಂದು ಬೆಳಿಗ್ಗೆ ಕೂಸಿನ ತೊಡೆಯ ಸಂದಿನಲ್ಲಿ ಕೆಂಪು ಕಾಣಿಸಿತು. ಮರುದಿನ ಅದು ಕುಂಡಿಗೆಲ್ಲ ಹರಡಿ ಟೊಮೊಟೊ ಸಿಪ್ಪೆಯಂತಾಯಿತು. ಬಟ್ಟೆ ಸೋಕಿದರೆ ಸಾಕು, ಮಗು ಉಸಿರು ಕಟ್ಟಿ ಅಳುತ್ತಿತ್ತು. ಡಾಕ್ಟರು ಮುಲಾಮು ಬರೆದುಕೊಟ್ಟು, "ಬಟ್ಟೇನ ಚೆನ್ನಾಗಿ ಒಗೀರಿ" ಎಂದರು. ಚೆನ್ನಾಗಿ ಅಂದರೇನು? ನನ್ನಂಥವನಿಗೆ ಅದರ ಅರ್ಥ ಒಂದೇ. ಪುಡಿ ಎರಡು ಹಿಡಿ ಹೆಚ್ಚಿತು. ಕೆಂಪೂ ಹೆಚ್ಚಿತು. ಜೊತೆಗೆ ಡೈಪರು ಸೋರತೊಡಗಿತು. ಕಟ್ಟಿದ ಅರ್ಧ ಗಂಟೆಗೆ ತೊಟ್ಟಿಲೆಲ್ಲ ಒದ್ದೆ. ನಾನು ಗಲ್ಲಾದಲ್ಲಿ ಕೂತಿದ್ದರೂ ಕಿವಿಯಲ್ಲಿ ಅದೇ ಅಳು. ಯಾರಿಗೋ ಚಿಲ್ಲರೆ ಕೊಡುವುದು ಮರೆತೆ, ಯಾರಿಗೋ ಎರಡು ಸಲ ಕೊಟ್ಟೆ.

"ಅಪ್ಪಾ, ನಂದೇ ತಪ್ಪು. ಬಿಸಾಕೋದನ್ನೇ ತಂದ್ಬುಡು" ಎಂದು ಮಗಳು ಅತ್ತ ದಿನವೇ ಹಂಗಳದಿಂದ ಫೋನು ಬಂತು. ನಾಳೆ ಬೀಗಿತ್ತಿ ಕೂಸು ನೋಡಲು ಬರುತ್ತಾರೆ.

ಹೇಳಲು ನಾಚಿಕೆ. ಮಾಲಿನ ಸೀಳನ್ನು ಗಿರಾಕಿಗೆ ಕಾಣದಂತೆ ತಿರುಗಿಸಿಡುವ ಹಾಗೆ, ಮಗುವಿಗೆ ಎರಡು ಸುತ್ತು ಬಟ್ಟೆ ಸುತ್ತಿ, "ಬಿಚ್ಚಬೇಡ, ನಿದ್ದೆ ಮಾಡ್ತಿದೆ ಅನ್ನು" ಎಂದು ಮಗಳಿಗೆ ಹೇಳಿಕೊಟ್ಟೆ. ಬೀಗಿತ್ತಿ ಬಂದವರೇ ಕಾಲು ತೊಳೆದು, ಕೂಸನ್ನು ಮಡಿಲಿಗೆ ಹಾಕಿಕೊಂಡು, ಒಂದೊಂದೇ ಸುತ್ತು ಬಿಚ್ಚಿದರು. ನೋಡಿದರು. ಮಗಳು ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು.

"ಒಗೆಯೋರ್ಯಾರು?" ಎಂದರು.

"ನಾನೇ ತಾಯಿ."

"ಒಗ್ದು ಒಣಗ್ಸಿರೋದು ಒಂದ್ ತತ್ತನ್ನಿ."

ತಂದೆ. ಅದನ್ನು ಅಂಗೈ ಮೇಲೆ ಹರಡಿ ಲೋಟದಿಂದ ನಾಲ್ಕು ಹನಿ ಬಿಟ್ಟರು. ಕೆಸವಿನ ಎಲೆಯ ಮೇಲಿನಂತೆ ಹನಿಗಳು ಜಾರಿ ನೆಲಕ್ಕೆ ಬಿದ್ದವು. ಎದ್ದು, ಅಡುಗೆಗೆಂದು ಹಿಡಿದಿಟ್ಟ, ಗಡಸಿಲ್ಲದ ನಲ್ಲಿ ನೀರನ್ನು ಬೇಸಿನ್ನಿಗೆ ಬಗ್ಗಿಸಿ, ಬಟ್ಟೆಯನ್ನು ಅದ್ದಿ ಹಿಂಡಿದರು. ಒಗೆದು, ಒಣಗಿಸಿ, ಮಡಿಸಿಟ್ಟ ಬಟ್ಟೆ ಅದು. ಬುಸಬುಸನೆ ನೊರೆ ಕಕ್ಕಿತು. ಬೇಸಿನ್ನು ತುಂಬಿ ಅಂಚು ದಾಟಿತು.

"ಎಷ್ಟ್ ಪುಡಿ ಆಕ್ತಿದ್ರಿ ಬೀಗ್ರೇ?"

"ಅಳತೆ ಮಾಡೇ ಹಾಕ್ತಿದ್ದೆ. ಮೇಲೆ... ಒಂಚೂರು ಕೊಸರು."

"ಅಯ್ಯೋ ನಿಮ್ ಯಾಪಾರುಕ್ಕೆ! ಕೂಸಿನ್ ಕುಂಡಿಗೂ ಕೊಸ್ರು ಕೊಟ್ರಾ?" ಎಂದು ಬೀಗಿತ್ತಿ ನಕ್ಕರು. ಆಮೇಲೆ ಸೊಸೆಯ ಕಡೆ ತಿರುಗಿ, "ನೀ ಯಾಕಮ್ಮಿ ಅಳೀಯೆ? ಬಟ್ಟೆ ಚೆನ್ನಾಗೈತೆ. ನಿಮ್ಮಪ್ಪನ ಕೈ ದೊಡ್ಡದು, ಅಷ್ಟೇಯಾ. ಸೋಪು ಕೊಳೆ ಬುಡುಸ್ತದೆ, ಸೋಪ್ನ ಬುಡ್ಸಕ್ಕೆ ನೀರೇ ಬೇಕು" ಎಂದರು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

ಆ ದಿನವೆಲ್ಲ ಹನ್ನೆರಡನ್ನೂ ಬರೀ ನಲ್ಲಿ ನೀರಿನಲ್ಲಿ ಅದ್ದಿ ಹಿಂಡಿದೆ. ಐದು ಸಲವೋ ಆರು ಸಲವೋ. ಪ್ರತಿ ಸಲವೂ ನನ್ನ ಕೊಸರು ನೊರೆಯಾಗಿ ಚರಂಡಿ ಹಿಡಿಯಿತು. ಬೀಗಿತ್ತಿ ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತ, "ಇನ್ನೂ ಐತೆ, ಇಂಡಿ" ಎನ್ನುತ್ತಿದ್ದರು. ಗೋಡೆಯಾಚೆಯವನು ಇಣುಕಿ ನೋಡಿದ. ಅವರನ್ನು ಕಂಡು ತಲೆ ಒಳಗೆಳೆದುಕೊಂಡ. ಮುಲಾಮು ಹಚ್ಚುವುದು ನಿಲ್ಲಿಸಲಿಲ್ಲ. ನಾಲ್ಕನೆಯ ದಿನ ಕೆಂಪು ಬಾಡಿತು. ವಾರದ ಹೊತ್ತಿಗೆ ಕೂಸು ಕಾಲು ಬಡಿದು ಆಡುತ್ತಿತ್ತು. ಐದನೆಯ ತಿಂಗಳಿಗೆ ಹನ್ನೆರಡು ಡೈಪರೂ ಮಗಳ ಚೀಲದಲ್ಲಿ ಹಂಗಳಕ್ಕೆ ಹೋದವು.

ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ಸವೆದುಳಿದ ಒಂದು ಒಳಪದರವನ್ನು ಮಗಳು ನನಗೇ ವಾಪಸು ತಂದುಕೊಟ್ಟಳು. ಇವತ್ತು ಅಂಗಡಿಗೆ ಹೊಸದಾಗಿ ಅಪ್ಪನಾದವನೊಬ್ಬ ಬಂದು ಮುಚ್ಚಳದ ಬಕೆಟ್ಟು ಕೊಂಡ. ಕೂಸಿನ ಬಟ್ಟೆ ಹಾಕಲಂತೆ. "ಕೊಸ್ರು ಏನ್ ಕೊಡೀರಿ?" ಎಂದ. ಮಗ್ಗು ಕೊಡಲು ಹೋದ ಕೈಯನ್ನು ಹಿಂದಕ್ಕೆಳೆದು, ಜಾಲಿಸಲೆಂದು ಇನ್ನೊಂದು ಬಕೆಟ್ಟನ್ನೇ ಅರ್ಧ ಬೆಲೆಗೆ ಕೊಟ್ಟು, ಅದು ಯಾಕೆಂದು ಕಾಲು ಗಂಟೆ ಹೇಳಿದೆ. ನಿಮಗೂ ಹೇಳಿಬಿಡುತ್ತೇನೆ.

ಮೊದಲು ಬರೀ ನೀರಿನಲ್ಲಿ ಜಾಲಿಸಿ. ಪುಡಿ ಅಳತೆಯಷ್ಟೇ, ಪರಿಮಳದ ದ್ರವ ಬೇಡವೇ ಬೇಡ. ಬೋರ್ ನೀರಿನವರು ನಲ್ಲಿ ನೀರನ್ನೋ ಮಳೆ ನೀರನ್ನೋ ಕೊನೆಯ ಸಲ ಜಾಲಿಸಲು ಎತ್ತಿಡಿ. ಬಿಸಿಲಿಗೆ ಹರಡಿ. ಕೆಂಪು ಕಂಡರೆ ಡಾಕ್ಟರಿಗೆ ತೋರಿಸಿ, ಮನೆಗೆ ಬಂದ ಹಿರಿಯರಿಗೂ ತೋರಿಸಿ. ನನ್ನ ಹಾಗೆ ಸುತ್ತಿಡಬೇಡಿ. ಕೊನೆಯಲ್ಲಿ ಹಿಂಡಿದ ನೀರನ್ನು ಅಂಗೈಗೆ ಬಿಟ್ಟುಕೊಂಡು ನೋಡಿ. ಒಂದು ಗುಳ್ಳೆ ಕಂಡರೂ ಇನ್ನೊಂದು ಬಕೆಟ್ಟು ನೀರು. ಕೊಸರು ಹಾಕಲೇಬೇಕೆಂದು ಕೈ ತುರಿಸಿದರೆ, ಅಲ್ಲಿ ಹಾಕಿ.