ಎರಡು ಚುಕ್ಕೆ

ನನ್ನ ಸಹಿ ಕನ್ನಡದಲ್ಲಿದೆ. ಮೈಸೂರಿನಲ್ಲಿ ಕಾಲೇಜಿಗೆ ಸೇರಿದಾಗ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋಗಿ ಮೊದಲ ಸಲ ಹಾಕಿದ ಸಹಿ ಅದು. ಹೆಸರು ಬರೆದು, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು ಅಡಿಗೆರೆ ಮಾಡಿ, ಆ ಗೆರೆಯ ಕೆಳಗೆ ಎರಡು ಚುಕ್ಕೆ. ನಮ್ಮ ಕಡೆ ಎಷ್ಟೋ ಜನ ಹೀಗೇ ಸಹಿ ಮಾಡುತ್ತಾರೆ. ಚುಕ್ಕೆ ಯಾಕೆ ಅಂತ ಯಾರನ್ನು ಕೇಳಿದರೂ ಗೊತ್ತಿಲ್ಲ. ಇಡದಿದ್ದರೆ ಮಾತ್ರ ಮೊಸರನ್ನ ಇಲ್ಲದೆ ಊಟದಿಂದ ಎದ್ದ ಹಾಗಿರುತ್ತದೆ.

ಈ ಎರಡು ಚುಕ್ಕೆಯ ದೆಸೆಯಿಂದ ನನ್ನ ವೋಟು ಕಸದ ಬುಟ್ಟಿಗೆ ಬೀಳುವುದರಲ್ಲಿತ್ತು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಅಮೆರಿಕದ ಪಶ್ಚಿಮ ತೀರದ ಒಂದು ಊರಿನಲ್ಲಿ ನಾವು ಬಹಳ ವರ್ಷ ಇದ್ದೆವು. ತೆರಿಗೆ ಕಟ್ಟುವುದಕ್ಕೆ ನೀವು ಬೇಕು, ಬಾಯಿ ತೆರೆಯುವುದಕ್ಕೆ ಬೇಡ ಅನ್ನುವ ಬಾಳು ಸಾಕಾಗಿ ನಾನು ಅಲ್ಲಿನ ಪೌರತ್ವ ತೆಗೆದುಕೊಂಡೆ. ವೋಟಿಗೋಸ್ಕರವೇ ತೆಗೆದುಕೊಂಡೆ, ಬೇರೆ ಯಾವ ಮೋಹವೂ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಕಾರಿನಲ್ಲಿ ಕೂತು ಗೊಳೋ ಅಂತ ಅತ್ತಿದ್ದೆ. ಇಡೀ ದೇಶದ ಬೆರಳಿಗೆ ಹಚ್ಚುವ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ಆ ಶಾಯಿ ಇನ್ನು ನನ್ನ ಬೆರಳಿಗಿಲ್ಲ ಅನ್ನುವುದು ಅವತ್ತು ಸರಿಯಾಗಿ ಅರ್ಥವಾಯಿತು.

ನನ್ನ ಗಂಡ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಡಲಿಲ್ಲ. ಹೊಸ ಪೌರತ್ವದಲ್ಲಿ ನಾನು ಒಂದು ಚುನಾವಣೆಯನ್ನೂ ನೋಡುವ ಮೊದಲೇ ಅವರಿಗೆ ಜಪಾನಿನ ನಗೋಯಾದ ಕಾರು ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಗಂಟುಮೂಟೆ ಕಟ್ಟಿ ಬಂದೆವು. ಹೀಗಾಗಿ ಅಮೆರಿಕದ ಪ್ರಜೆಯಾಗಿ ನನ್ನ ಮೊಟ್ಟಮೊದಲ ವೋಟನ್ನು ನಗೋಯಾದ ಅಂಚೆ ಕಚೇರಿಯಿಂದ ಹಾಕಬೇಕಾಯಿತು. ಮತಪತ್ರ ತುಂಬಿ, ಲಕೋಟೆಯ ಮೇಲೆ ಚಂದವಾಗಿ ಸಹಿ ಹಾಕಿ, ಅಡಿಗೆರೆ ಎಳೆದು, ಚುಕ್ಕೆ ಇಟ್ಟು ಕಳಿಸಿದೆ. ಆ ಸಂಜೆ ಮನೆಯಲ್ಲಿ ಕೇಸರಿಬಾತು ಬೇರೆ ಮಾಡಿದ್ದೆ, ನನ್ನ ಸಂಭ್ರಮಕ್ಕಿಷ್ಟು!

ಕೆಲವು ದಿನಗಳ ಮೇಲೆ ಅಮೆರಿಕದಲ್ಲಿ ನಾವಿದ್ದ ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಯಿಂದ ಇಮೇಲ್ ಬಂತು. ಲಕೋಟೆಯ ಮೇಲಿನ ಸಹಿ ನಮ್ಮ ದಾಖಲೆಯಲ್ಲಿರುವ ಸಹಿಗೆ ತಾಳೆಯಾಗುತ್ತಿಲ್ಲ, ಗಡುವಿನೊಳಗೆ ಸರಿಪಡಿಸದಿದ್ದರೆ ನಿಮ್ಮ ಮತವನ್ನು ಎಣಿಸುವುದಿಲ್ಲ. ಜೊತೆಗೊಂದು ಪ್ರಮಾಣಪತ್ರ. ಸಹಿ ಮಾಡಿ ಫ್ಯಾಕ್ಸ್ ಮಾಡಬೇಕಂತೆ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ದೇಶಕ್ಕೆ ಫ್ಯಾಕ್ಸ್ ಬೇಕು!

ನನ್ನ ಗಂಡನಿಗೆ ನಗು. "ಹಾಂಕೋ ಒತ್ತಿ ಕಳಿಸಿಬಿಡು ಕಣೇ. ಅದಾದ್ರೆ ಯಾವತ್ತೂ ಒಂದೇ ಥರ ಇರತ್ತೆ."

ಹಾಂಕೋ ಅಂದರೆ ಇಲ್ಲಿಯವರು ಸಹಿಗೆ ಬದಲು ಒತ್ತುವ ಮೊಹರು. ಇಲ್ಲಿನ ಬ್ಯಾಂಕಿಗೋಸ್ಕರ ನಾನೂ ಒಂದು ಮಾಡಿಸಿಕೊಂಡಿದ್ದೆ.

"ರೀ, ತಮಾಷೆ ಮಾಡ್ಬೇಡಿ. ನನಗೆ ರೇಗಿಹೋಗಿದೆ."

"ನಿಂಗಾದ್ರೂ ರೇಗೋಕೆ ಒಂದು ವೋಟಿದೆ. ನನ್ನ ನೋಡು. ಇಲ್ಲಿ ಫಾರಿನರ್, ಹಾಕೋ ಹಾಗಿಲ್ಲ. ಇಂಡಿಯಾದಲ್ಲಿ ಹಾಕ್ಬೇಕು ಅಂದ್ರೆ ಫ್ಲೈಟ್ ಹತ್ತಿ ಮೈಸೂರಿಗೇ ಹೋಗಿ ಕ್ಯೂ ನಿಲ್ಬೇಕು."

ಅದೂ ನಿಜವೇ. ಆದರೆ ಆ ಹೊತ್ತಿನಲ್ಲಿ ನನಗೆ ನ್ಯಾಯ ಬೇಕಿತ್ತು, ಸಮಾಧಾನವಲ್ಲ.

ಮನೆಯ ಕೆಳಗಿನ ಕೊಂಬಿನಿಗೆ, ಅಂದರೆ ಹಗಲೂ ರಾತ್ರಿ ತೆರೆದಿರುವ ಇಲ್ಲಿನ ಅಂಗಡಿಗೆ, ಹೋದೆ. ಅಲ್ಲಿ ಅನ್ನದುಂಡೆಯೂ ಸಿಗುತ್ತದೆ, ಫ್ಯಾಕ್ಸೂ ಆಗುತ್ತದೆ. ಮತ್ತೆ ಅಚ್ಚುಕಟ್ಟಾಗಿ ಸಹಿ ಹಾಕಿ ಕಳಿಸಿದೆ. ಎರಡು ದಿನಕ್ಕೆ ಮತ್ತದೇ ಉತ್ತರ: ತಾಳೆಯಾಗುತ್ತಿಲ್ಲ.

ಪಿತ್ತ ನೆತ್ತಿಗೇರಿತು. ಮರುದಿನ ಬೆಳಗ್ಗೆ, ಅಲ್ಲಿ ಇನ್ನೂ ಹಿಂದಿನ ದಿನದ ಮಧ್ಯಾಹ್ನವಾಗಿರುವಾಗ, ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು. ಬೆಣ್ಣೆಯಂಥ ದನಿ.

"ಮೇಡಂ, ನಮ್ಮ ಹತ್ರ ಇರೋದು ನಿಮ್ಮ ಡ್ರೈವಿಂಗ್ ಲೈಸೆನ್ಸ್ ಸಹಿ. ಇದು ಅದರ ಥರ ಕಾಣ್ತಿಲ್ಲ. ಕೆಳಗೆ ಎರಡು ಗುರುತು ಬೇರೆ ಇದೆ, ಅದು ಅಲ್ಲಿಲ್ಲ."

"ಅದು ಚುಕ್ಕೆ. ನನ್ನ ಸಹೀದೇ ಭಾಗ."

"ಇದು ಯಾವ ಲಿಪಿ ಅಂತ ನಮಗೆ ಗೊತ್ತಾಗಲ್ಲ ಮೇಡಂ. ಆಕಾರ ಮಾತ್ರ ನೋಡ್ತೀವಿ."

"ಪಾಸ್‌ಪೋರ್ಟಲ್ಲೂ ಇದೇ ಸಹಿ ಇದೆ. ಅದರ ಕಾಪಿ ಕಳಿಸ್ಲಾ? ನೀವೇ ಕೊಟ್ಟಿರೋ ಪಾಸ್‌ಪೋರ್ಟ್!"

"ಕ್ಷಮಿಸಿ, ನಾವು ನೋಡೋದು ಲೈಸೆನ್ಸ್ ಸಹಿ ಒಂದನ್ನೇ."

ಫೋನಿಟ್ಟು ಪರ್ಸಿನಿಂದ ಲೈಸೆನ್ಸ್ ತೆಗೆದು ನೋಡಿದೆ. ಅಯ್ಯೋ ದೇವರೇ! ಅಲ್ಲಿದ್ದದ್ದು ಸಹಿಯೇ ಅಲ್ಲ. ಲೈಸೆನ್ಸ್ ಕೊಡುವ ಕಚೇರಿಯಲ್ಲಿ ಸರಪಳಿ ಹಾಕಿ ಕಟ್ಟಿದ್ದ ಪ್ಲಾಸ್ಟಿಕ್ ಕಡ್ಡಿ ಕೊಟ್ಟು ಅಂಗೈಯಗಲದ ಪರದೆಯ ಮೇಲೆ ಸಹಿ ಮಾಡಿಸಿದ್ದರು. ಕಡ್ಡಿ ಒಂದು ಕಡೆ ಓಡಿದರೆ ಗೆರೆ ಇನ್ನೊಂದು ಕಡೆ. ಒತ್ತುಗಳೆಲ್ಲ ಹಾರಿಹೋಗಿ, ಅಡಿಗೆರೆ ಅರ್ಧಕ್ಕೇ ನಿಂತು, ಚುಕ್ಕೆ ಮೂಡಿಯೇ ಇರಲಿಲ್ಲ. ಇನ್ನೊಮ್ಮೆ ಮಾಡುತ್ತೇನೆ ಎಂದಾಗ ಕೌಂಟರಿನವನು "ಪರವಾಗಿಲ್ಲ, ಸಾಕು, ನೆಕ್ಸ್ಟ್" ಎಂದು ಕೂಗಿದ್ದು ನೆನಪಾಯಿತು. ಅವತ್ತು ಸಾಕಾದದ್ದು ಇವತ್ತು ನಾನು ನಾನೇ ಅನ್ನುವುದಕ್ಕೆ ಇವರ ಬಳಿ ಇರುವ ಏಕೈಕ ಸಾಕ್ಷಿ.

ನಗೋಯಾದಲ್ಲಿ ನಾನು ಕೆಲಸ ಮಾಡುವ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಅದೇ ರಾಜ್ಯದ ಅಮೆರಿಕನ್. ಬಿಳಿಯ, ಒಳ್ಳೆಯವನು. ಅವನೂ ಅಂಚೆಯಲ್ಲೇ ವೋಟು ಕಳಿಸಿದ್ದ. ವಿಷಯ ಹೇಳಿದೆ. ಹೌದಾ ಎಂದು ಆಶ್ಚರ್ಯಪಟ್ಟು, ಪೆನ್ನು ತೆಗೆದು ಹಾಳೆಯ ಮೇಲೆ ತನ್ನ ಸಹಿ ಹಾಕಿ ತೋರಿಸಿದ. ಒಂದು ಗುಡ್ಡ, ಅದರ ಹಿಂದೊಂದು ಗೆರೆ. ಮತ್ತೆ ಹಾಕಿದ. ಈ ಸಲ ಗುಡ್ಡ ಎರಡಾಯಿತು.

"ನಂದು ಪ್ರತಿ ಸಲಾನೂ ಬೇರೆ ಬೇರೆ ಥರಾನೇ ಬರತ್ತೆ. ಇಷ್ಟು ವರ್ಷದಲ್ಲಿ ಯಾರೂ ಒಂದು ಮಾತು ಕೇಳಿಲ್ಲಪ್ಪ" ಅಂದ.

ಅವನ ಮೇಲೆ ನನಗೆ ಕೋಪವಿಲ್ಲ. ಅವನ ಗುಡ್ಡ ಎಷ್ಟು ಸೊಟ್ಟಗಿದ್ದರೂ ಅದು ಸಹಿ ಎಂದು ಒಪ್ಪುವ ಕಣ್ಣು, ನನ್ನ ಅಕ್ಷರ ಎಷ್ಟು ನೆಟ್ಟಗಿದ್ದರೂ ಅನುಮಾನಿಸುತ್ತದಲ್ಲ, ಆ ಕಣ್ಣಿನ ಮೇಲೆ ಕೋಪ. ನನ್ನ ವೋಟನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಯಾರೂ ಬಯ್ಯಲಿಲ್ಲ. ಮೇಡಂ ಮೇಡಂ ಎನ್ನುತ್ತಲೇ ಬಾಗಿಲು ಹಾಕುತ್ತಿದ್ದರು. ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು.

ಗಡುವಿನ ಹಿಂದಿನ ದಿನ ಭಾನುವಾರ. ಊಟದ ಮೇಜಿನ ಮೇಲೆ ಲೈಸೆನ್ಸ್ ಇಟ್ಟುಕೊಂಡು, ಅದರ ಸಹಿಯನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು, ಹಾಳೆಯ ಮೇಲೆ ಅಭ್ಯಾಸ ಮಾಡಲು ಕೂತೆ. ಕೈ ಕೇಳಲೇ ಇಲ್ಲ. ಎಷ್ಟು ಕೆಟ್ಟದಾಗಿ ಬರೆಯಲು ಹೋದರೂ ಒತ್ತಕ್ಷರ ತಾನಾಗಿ ಕೂಡಿಕೊಳ್ಳುತ್ತಿತ್ತು, ಬೆರಳು ತಾನಾಗಿ ಚುಕ್ಕೆಗೆ ಇಳಿಯುತ್ತಿತ್ತು. ನನ್ನ ಗಂಡ ಎದುರಿಗೆ ಕೂತು ಮೇಷ್ಟರಂತೆ ತಿದ್ದಿದರು.

"ಬಾಲ ಎಳೀಬೇಡ. ಅಲ್ಲೇ ನಿಲ್ಸು. ಹಾಂ, ಇನ್ನೂ ಸ್ವಲ್ಪ ಸೊಟ್ಟ ಬರ್ಲಿ."

ಮೊದಲು ಇಬ್ಬರೂ ನಕ್ಕೆವು. ಆಮೇಲೆ ನನಗೆ ಅಳು ಬಂತು.

ಎಡಗೈಯಲ್ಲಿ ಬರೆದಾಗ ಸರಿಹೋಯಿತು. ಥೇಟು ಲೈಸೆನ್ಸಿನದೇ. ಪ್ರಮಾಣಪತ್ರದಲ್ಲಿ ಸಹಿಯ ಮೇಲಿನ ಸಾಲು ಹೀಗಿತ್ತು: ಇದು ನನ್ನ ನಿಜವಾದ ಸಹಿಯೆಂದು ಪ್ರಮಾಣ ಮಾಡುತ್ತೇನೆ, ಸುಳ್ಳಾದರೆ ಶಿಕ್ಷೆಗೆ ಗುರಿಯಾಗುತ್ತೇನೆ. ಅದರ ಕೆಳಗೆ ನನ್ನ ಹೆಸರನ್ನು ನಾನೇ ಕಳ್ಳಸಹಿ ಮಾಡಿ, ಕೊಂಬಿನಿಗೆ ಹೋಗಿ ಫ್ಯಾಕ್ಸ್ ಮಾಡಿದೆ.

ಮಂಗಳವಾರ ಬೆಳಗ್ಗೆ ಚುನಾವಣಾ ಕಚೇರಿಯ ಜಾಲತಾಣದಲ್ಲಿ ನನ್ನ ಹೆಸರಿನ ಮುಂದೆ ಹಸಿರು ಗುರುತು ಬಂದಿತ್ತು. ಸಹಿ ತಾಳೆಯಾಗಿದೆ, ಮತ ಸ್ವೀಕರಿಸಲಾಗಿದೆ.

"ಕಂಗ್ರಾಟ್ಸ್, ಅಮೆರಿಕನ್ ಮೇಡಂ!" ಅಂದರು ನನ್ನ ಗಂಡ. "ಆಯ್ತಲ್ಲ, ಇನ್ನು ಬಿಡು."

ಬಿಡಲಿಲ್ಲ. ಫ್ಯಾಕ್ಸ್ ಮಾಡಿದ ಹಾಳೆ ಇನ್ನೂ ಕೈಚೀಲದಲ್ಲಿತ್ತು. ಅದನ್ನು ಮೇಜಿನ ಮೇಲೆ ಹರಡಿ, ಬಲಗೈಯಲ್ಲಿ ಪೆನ್ನು ಹಿಡಿದು, ಆ ಸೊಟ್ಟ ಸಹಿಯ ಕೆಳಗೆ ಕಾಗದ ತೂತಾಗುವಷ್ಟು ಒತ್ತಿ ಎರಡು ಚುಕ್ಕೆ ಇಟ್ಟೆ.