ಕೆಂಪು ಪೆನ್ನು ಹೊಡೆದುಹಾಕಿದ ಹೆಸರು

ತಪ್ಪು ನನ್ನ ಹಾಳೆಯಲ್ಲಿತ್ತು, ಪ್ರತೀಕ್ಷಾ — ನಿನ್ನ ಪ್ರಾಜೆಕ್ಟಿನಲ್ಲಿ ಅಲ್ಲ. ಅದು ನನಗೆ ಅಂದೇ ಮಧ್ಯಾಹ್ನ ಗೊತ್ತಾಗಿತ್ತು. ಗೊತ್ತಾಗಿಯೂ ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತೆ.

ನೀನು ಎಂಟನೇ ತರಗತಿ, ನಾನು ನಿಮ್ಮ ಸಮಾಜ ಟೀಚರ್. ಮಾಹಿತಿ ಹುಡುಕುವುದನ್ನು ಕಲಿಸುವ ಹುರುಪಿನಲ್ಲಿ ಮೀನುಗಾರಿಕೆಯ ಬಗ್ಗೆ ಮಾದರಿ ಹಾಳೆಯೊಂದನ್ನು ಹಂಚಿದ್ದೆ — ಇಂಟರ್ನೆಟ್ಟಿನಿಂದ ಎತ್ತಿದ್ದು. ನಮ್ಮ ಬೋಟುಗಳಿಗೆ ಮೀನು ಹಿಡಿಯದ ರಜೆ ಏಪ್ರಿಲ್ ನಡುವಿನಿಂದ ಜೂನ್ ನಡುವಿನವರೆಗೆ ಎಂದು ಅದರಲ್ಲಿತ್ತು. ಎಲ್ಲರೂ ಅದನ್ನೇ ನಕಲು ಮಾಡಿದರು. ನೀನೊಬ್ಬಳು ಜೂನ್, ಜುಲೈ ಎಂದು ಬರೆದೆ. ಬೋಟುಗಳು ನಿಲ್ಲುವ ದಕ್ಕೆಗೆ ಹೋಗಿ ಬೋಟಿನವರನ್ನು, ಮೀನು ಮಾರುವವರನ್ನು ಕೇಳಿ, ಒಬ್ಬೊಬ್ಬರ ಹೆಸರನ್ನೂ ಪಟ್ಟಿ ಮಾಡಿ ತಂದಿದ್ದೆ ನೀನು. ಮೊದಲನೆಯದು ಅಲ್ಲೇ ಮೀನು ಮಾರುತ್ತಿದ್ದ ನಿನ್ನ ಅಜ್ಜಿಯ ಹೆಸರು.

"ಅಜ್ಜಿ ಹೇಳಿದ್ದೆಲ್ಲ ಮೂಲ ಆಗ್ತದಾ? ವೆಬ್‌ಸೈಟ್ ಎಲ್ಲಿ ಉಂಟು?" ಎಂದೆ ನಾನು.

ಇಡೀ ಕ್ಲಾಸು ನಕ್ಕಿತು. ಆ ಪಟ್ಟಿಯ ಮೇಲೆ ಕೆಂಪು ಪೆನ್ನಿನಿಂದ ಗೀಚಿದೆ. "ಟೀಚರ್, ಅಜ್ಜಿ ದಿನಾ ಅಲ್ಲೇ ಇರುವುದಲ್ವಾ..." ಎಂದೆ ನೀನು. ಮುಗಿಸಲು ಬಿಡಲಿಲ್ಲ.

ಸ್ಟಾಫ್ ರೂಮಿಗೆ ಹೋಗಿ ಅದೇ ಪುಟ ಮತ್ತೆ ತೆರೆದರೆ — ಅಯ್ಯೋ ದೇವರೇ! ಅದು ಪೂರ್ವ ಕರಾವಳಿಯ ರಜೆ, ನಮ್ಮ ಪಶ್ಚಿಮದ್ದಲ್ಲ. ಜೂನ್ ಬಂತೆಂದರೆ "ಬೋಟೇ ಇಲ್ಲ, ಬಂಗುಡೆ ಮೀನಿನ ರೇಟು ಮುಟ್ಟುವ ಹಾಗಿಲ್ಲ ಮಾರಾಯ್ರೆ" ಎಂದು ಪಡೀಲಿನ ಮನೆಯಲ್ಲಿ ಗೊಣಗುವವಳೂ ನಾನೇ! ಮರುದಿನ ಹೇಳಬಹುದಿತ್ತು — ಹೇಳಲಿಲ್ಲ. ಮರ್ಯಾದೆ ಹೋದೀತೆಂದು ಹೆದರಿದೆ. ಆಮೇಲೆ ನೀನು ನನ್ನ ಕ್ಲಾಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಈ ಸೋಮವಾರ ಏನಾಯಿತು ಗೊತ್ತೇ? ಊರಿನ ಬಾವಿಗಳೆಲ್ಲ ಬತ್ತಿವೆ ಎಂದು ಫೋನು ಕೊಟ್ಟ ಉತ್ತರವನ್ನೇ ಬೋರ್ಡಿನಲ್ಲಿ ಬರೆದು, "ಇದು ನಿಜವಾ, ನೋಡಿ ಬನ್ನಿ" ಎಂದಿದ್ದೆ. ಇವತ್ತು ಒಬ್ಬಳು ಓಡಿಬಂದು, "ಟೀಚರ್, ಎಂತ ಸುಳ್ಳು ಇದು! ದೇರೆಬೈಲಲ್ಲಿ ಆರು ಮನೆಯ ಬಾವಿ ಬಗ್ಗಿ ನೋಡಿಯೇ ಬಂದೆ, ಎಲ್ಲದರಲ್ಲೂ ನೀರುಂಟು!" ಎಂದಳು. ನನಗೋ ಕುಣಿಯುವಷ್ಟು ಖುಷಿ! ಮರುಕ್ಷಣವೇ ನೀನು ನೆನಪಾದೆ. ಇನ್ನು ತಡೆಯಲಾಗಲಿಲ್ಲ — ಕಪಾಟಿನಿಂದ ನಿನ್ನ ಪ್ರಾಜೆಕ್ಟ್ ತೆಗೆದು, ನಡೆದದ್ದೆಲ್ಲ ಮಕ್ಕಳಿಗೆ ಹೇಳಿಬಿಟ್ಟೆ. ಹೌದು, ಅದನ್ನು ನಿನಗೆ ಹಿಂತಿರುಗಿಸಿಯೂ ಇರಲಿಲ್ಲ.

ಶನಿವಾರ ಅವರನ್ನು ಕರೆದುಕೊಂಡು ದಕ್ಕೆಗೆ ಬರುತ್ತೇನೆ; ನೀನೂ ಅಲ್ಲಿಗೆ ಬಾ. ನೋಟ್‌ಬುಕ್ಕುಗಳು ಈಗಲೇ ಸಿದ್ಧ! ಅವರೆದುರೇ ನಿನ್ನಲ್ಲಿ ಕ್ಷಮೆ ಕೇಳುತ್ತೇನೆ; ಕ್ಷಮಿಸುವುದು, ಬಿಡುವುದು ನಿನಗೆ ಸೇರಿದ್ದು. ನನ್ನ ಆ ಮಾದರಿ ಹಾಳೆಯನ್ನು ತಿದ್ದಿ ಗೋಡೆಗೆ ಹಚ್ಚಬೇಕು. 'ಮೂಲ' ಎಂಬಲ್ಲಿಗೆ ಬಂದು ನಿಂತಿದ್ದೇನೆ — ನಿನ್ನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೂ ನಾನು ಗೀಚಿದ್ದರ ಅಡಿಯ ಅಕ್ಷರ ಕಾಣುತ್ತಿಲ್ಲ.

ನಿನ್ನ ಅಜ್ಜಿಯ ಹೆಸರೇನು, ಪ್ರತೀಕ್ಷಾ?